ರಸ್ತೆಗೆ ತೆರೆಯುವ ಬಾಗಿಲು

“ಸ್ವಾಮೀ, ಇವನು ನನ್ನ ಮೊಮ್ಮಗ. ತಲೆ ಒಳಗೆ ಬರೀ ತುಕ್ಕು,” ಎಂದು ಅಜ್ಜಿ ಮೈಕಿನಲ್ಲಿ ಹೇಳಿದಳು.

ನಗರಸಭೆಯ ಸಭಾಂಗಣಕ್ಕೆ ಸಭಾಂಗಣವೇ ಘೊಳ್ಳೆಂದು ನಕ್ಕಿತು. ನಮ್ಮ ಓಣಿಯವರು ನಕ್ಕರು, ಬಿಲ್ಡರ್ ನಕ್ಕ, ಬೆಳಗಿನಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದ ಗುಮಾಸ್ತನೂ ಹಲ್ಲು ಬಿಟ್ಟ. ಆ ಹಾಳು ಮೈಕು ಅಷ್ಟು ಹೊತ್ತೂ ಗೊರಗೊರ ಅನ್ನುತ್ತಿತ್ತು, ಒಬ್ಬರ ಮಾತೂ ನೆಟ್ಟಗೆ ಕೇಳಿಸಿರಲಿಲ್ಲ. ನನ್ನ ಮರ್ಯಾದೆ ಹೋಗುವ ಹೊತ್ತಿಗೆ ಮಾತ್ರ ಅದರ ಗಂಟಲು ಸರಿಹೋಗಿತ್ತು.

ಅಜ್ಜಿಯನ್ನು ಅಲ್ಲಿಗೆ ಕರೆತಂದವನು ನಾನೇ. ಕರೆತಂದೆ ಅನ್ನುವುದಕ್ಕಿಂತ ಹೊತ್ತು ತಂದೆ. ನಮ್ಮದು ಮೂರನೇ ಮಹಡಿಯ ಮನೆ. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಮಾಲೀಕರು ಮುರಿದ ಮಂಚಗಳನ್ನು ತುಂಬಿಟ್ಟಿದ್ದಾರೆ. ಮಂಡಿ ಕೈಕೊಟ್ಟ ಮೇಲೆ ಅಜ್ಜಿ ಕೆಳಗಿಳಿಯುವುದೆಂದರೆ ನನ್ನ ಬೆನ್ನೇರುವುದು. ಬೆನ್ನೇರಿದ ಮೇಲೆ ಸುಮ್ಮನಿರುತ್ತಾಳೆಯೇ? ‘ಎಡಕ್ಕೆ ಸರಿ, ಗೋಡೆ ತಾಗುತ್ತೆ, ಉಸಿರು ಬಿಡೋ’ ಎಂದು ಕಿವಿ ಹಿಡಿದು ಸಾರೋಟು ನಡೆಸುತ್ತಾಳೆ.

ಅಡುಗೆಮನೆಯ ಕಿಟಕಿಯ ಕೆಳಗೇ ನನ್ನ ವೆಲ್ಡಿಂಗ್ ಶೆಡ್ಡು. ತಾತ ಹಾಕಿದ್ದು. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ರೇಲಿಂಗು, ಎಲ್ಲ ಮಾಡುತ್ತೇನೆ. ಏನಾದರೂ ಬೇಕಾದರೆ ಅಜ್ಜಿ ಪಾತ್ರೆಯ ಮುಚ್ಚಳ ತೆಗೆದು ಕಿಟಕಿಯ ಕಂಬಿಗೆ ಬಡಿಯುತ್ತಾಳೆ. ಗ್ರೈಂಡರ್ ಎಷ್ಟೇ ಕಿರುಚುತ್ತಿರಲಿ, ಆ ಸದ್ದು ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಇದ್ದಬದ್ದದ್ದು ಬಿಸಾಕಿ ಮೇಲಕ್ಕೆ ಓಡುತ್ತೇನೆ. ಕನ್ನಡಕ ಮಂಚದ ಕೆಳಗೆ ಉರುಳಿರುತ್ತದೆ, ಇಲ್ಲವೇ ಉಪ್ಪು ಮುಗಿದಿರುತ್ತದೆ. ಬೈದುಕೊಂಡು ಇಳಿಯುತ್ತೇನೆ, ಮತ್ತೆ ಬಡಿದರೆ ಮತ್ತೆ ಓಡುತ್ತೇನೆ.

ಹೀಗಿರುವಾಗ ಶೆಡ್ಡಿನ ಎದುರಿನ ಖಾಲಿ ಜಾಗದಲ್ಲಿ ಒಂದು ಬೋರ್ಡು ಎದ್ದಿತು. ಹಿರಿಯರ ವಸತಿ ಸಮುಚ್ಚಯ. ಚಿತ್ರದಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ, ಇಬ್ಬರಿಗೂ ಮೂವತ್ತೆರಡೂ ಹಲ್ಲು. ನಗರಸಭೆಯ ನಕ್ಷೆಯಲ್ಲಿ ಆ ಜಾಗಕ್ಕೂ ನನ್ನ ಶೆಡ್ಡಿಗೂ ನೇರಳೆ ಬಣ್ಣ, ಅಂದರೆ ಸಣ್ಣ ಕೈಗಾರಿಕೆಯ ಜಾಗ. ಅದನ್ನು ವಸತಿಯ ಹಳದಿಗೆ ತಿರುಗಿಸಿದರೆ ಮಾತ್ರ ಅಲ್ಲಿ ಆ ಕಟ್ಟಡ ಏಳಬಹುದು. ಹಳದಿಯಾದರೆ ನನ್ನ ಗ್ರೈಂಡರಿನ ಬಾಯಿ ಬಂದ್. ಶೆಡ್ಡಿಗೆ ಬದಲಿ ಜಾಗ ಕೊಡುತ್ತಾರಂತೆ, ಇದಕ್ಕಿಂತ ದೊಡ್ಡದು, ಆದರೆ ಊರಾಚೆ. ಊರಾಚೆ! ಮುಚ್ಚಳದ ಸದ್ದು ಅಲ್ಲಿಗೆ ಕೇಳುತ್ತದೆಯೇ?

ಮೈಯೆಲ್ಲ ಉರಿದುಹೋಯಿತು. ಆಕ್ಷೇಪಣೆ ಹಾಕಿದೆ. ಬೇಕರಿಯವನಿಂದಲೂ ಹಾಕಿಸಿದೆ. ಗೇಟಿನ ನಾಲ್ಕು ಮೂಲೆಗೂ ಕ್ಯಾಮೆರಾ ಸಿಕ್ಕಿಸಿಕೊಂಡಿರುವ ಕ್ಯಾಮೆರಾ ಮಾವನಿಂದಲೂ ಹಾಕಿಸಿದೆ. ಸಾಲದೆಂದು ಅಜ್ಜಿಯನ್ನೇ ಮಾತಾಡಿಸುವುದೆಂದು ತೀರ್ಮಾನಿಸಿದೆ. ಹಿರಿಯರೇ ಒಬ್ಬರು ಎದ್ದು ನಿಂತು ಬೇಡ ಅಂದರೆ ಮುಗಿಯಿತಲ್ಲ!

“ನೋಡ್ಕೊಳ್ಳೋ ಮೊಮ್ಮಗ ಮನೇಲಿರುವಾಗ ಇಂಥ ಕಟ್ಟಡ ಯಾಕೆ ಅನ್ನು,” ಎಂದು ಹೇಳಿಕೊಟ್ಟೆ.

“ಹೂಂ. ಅಳಬೇಕಾ?”

“ಬಂದ್ರೆ ಅಳು.”

“ಬರದೇ ಇದ್ರೆ? ಒಂದು ಈರುಳ್ಳಿ ಇಟ್ಕೊಂಡಿರ್ಲಾ?”

ಅವಳ ಉತ್ಸಾಹ ನೋಡಿ ನನಗೆ ಹಿಗ್ಗೋ ಹಿಗ್ಗು. ಬೋರ್ಡಿನ ಫೋಟೊ ತೆಗೆದುಕೊಂಡು ಬಾ ಅಂದಳು, ತಂದುಕೊಟ್ಟೆ. ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು. ಕೆಳಗಿನ ಮನೆಗಳ ಬಾಗಿಲು ನೇರ ರಸ್ತೆಗೇ ತೆರೆಯುತ್ತದೆಯೇ, ಹೊಸಿಲು ಎತ್ತರವೇ ಎಂದು ಕೇಳಿದಳು. ಬಿಲ್ಡರ್‌ನ ಹುಡುಗನನ್ನು ಗದರಿಸಿ ಅದನ್ನೂ ತಿಳಿದುಕೊಂಡು ಬಂದೆ. ಎದುರಾಳಿಯ ಹುಳುಕು ಹುಡುಕುತ್ತಿದ್ದಾಳೆ, ನನ್ನ ಅಜ್ಜಿ ಅಂದರೆ ಸುಮ್ಮನೆಯೇ ಅಂದುಕೊಂಡೆ.

ಅಹವಾಲು ಕೇಳುವ ದಿನ ಅಧಿಕಾರಿ ಮೊದಲೇ ಹೇಳಿಬಿಟ್ಟರು: “ಕರೆದಾಗ ಎದ್ದು ಉತ್ತರ ಕೊಡಬೇಕು. ಕೊಡದೇ ಹೋದವರ ಆಕ್ಷೇಪಣೆ ಬಿದ್ದುಹೋಯ್ತು ಅಂತಾನೇ ಲೆಕ್ಕ. ಆಮೇಲೆ ನನ್ನ ಟೇಬಲ್ ಹತ್ರ ಬಂದು ಗೋಳಾಡಬೇಡಿ.”

ಬೇಕರಿಯವನ ಸರದಿ ಬರುವ ಹೊತ್ತಿಗೆ ಸರಿಯಾಗಿ ಅವನ ಫೋನು ಬಡಿದುಕೊಂಡಿತು. “ಹಲೋ, ಹಲೋ, ಸಿಗ್ನಲ್ ಇಲ್ಲ” ಎನ್ನುತ್ತ ಆಚೆ ಹೋದವನು ಬರಲೇ ಇಲ್ಲ. ಗುಮಾಸ್ತ ಅವನ ಅರ್ಜಿಯ ಮೇಲೆ ಗೀಟು ಎಳೆದ. ಕ್ಯಾಮೆರಾ ಮಾವನಿಗೆ ಆಂಬುಲೆನ್ಸ್ ಓಡಾಟದ ಚಿಂತೆ. ಅದು ಹಿಂದಿನ ರಸ್ತೆಯಿಂದ ಬರುತ್ತದೆ ಅಂದ ಕೂಡಲೇ, “ಹಂಗಾದ್ರೆ ನಂದೇನಿಲ್ಲ” ಎಂದು ಕೂತುಬಿಟ್ಟರು. ನನ್ನ ಸೈನ್ಯ ಅಲ್ಲಿಗೆ ಸ್ವಾಹಾ. ಉಳಿದದ್ದು ನನ್ನದೊಂದೇ. ನಾನು ಗಂಟಲು ಹರಿಯುವಂತೆ ಕೂಗಾಡಿ, “ಬೇಕಾದ್ರೆ ನಮ್ಮ ಅಜ್ಜೀನೇ ಕೇಳಿ!” ಎಂದು ಮೈಕನ್ನು ಅವಳ ಕುರ್ಚಿಯ ಹತ್ತಿರ ಹಿಡಿದೆ.

ಆಗಲೇ ಅವಳು ತುಕ್ಕಿನ ಮಾತು ಆಡಿದ್ದು.

“ಅಜ್ಜೀ,” ಎಂದು ಹಲ್ಲು ಕಚ್ಚಿದೆ. “ನಾನು ಹೇಳಿಕೊಟ್ಟಿದ್ದೇನು?”

“ನೀನು ಹೇಳಿಕೊಟ್ಟಿದ್ದು ನೀನೇ ಹೇಳ್ಕೊಂಡ್ಯಲ್ಲ, ಊರಿಗೆಲ್ಲ ಕೇಳೋ ಹಾಗೆ. ಈಗ ನಂದು.” ಅಧಿಕಾರಿಯ ಕಡೆ ತಿರುಗಿದಳು. “ಒಳ್ಳೇ ಹುಡುಗ ಸ್ವಾಮಿ. ಮುಚ್ಚಳ ಬಡಿದ್ರೆ ಎದ್ದೂಬಿದ್ದೂ ಬರ್ತಾನೆ. ಆದ್ರೆ ಎಲ್ಲದಕ್ಕೂ ಬಡೀಬೇಕಲ್ಲ. ಉಪ್ಪಿಗೂ ಬಡಿ, ಬಿಸಿಲಿಗೆ ಹೋಗ್ಬೇಕು ಅಂದ್ರೂ ಬಡಿ. ಪಕ್ಕದ ಬೀದೀಲಿ ನನ್ನ ಗೆಳತಿ ಇದ್ಲು. ಅವಳು ತೀರಿಹೋದ ಸುದ್ದಿ ನಾನು ಕಿಟಕೀಲಿ ನಿಂತು ಕೇಳಿದೆ. ಇವನು ಆಗ ಗೇಟು ಜೋಡಿಸೋಕೆ ಎಲ್ಲೋ ಹೋಗಿದ್ದ. ಮುಚ್ಚಳ ಸೊಟ್ಟ ಆಗೋವರೆಗೂ ಬಡಿದೆ.”

ಆ ಮುಚ್ಚಳ ಸೊಟ್ಟಗಿರುವುದನ್ನು ನಾನು ನೋಡಿದ್ದೆ. ಕೈಜಾರಿ ಬಿತ್ತು ಅಂದಿದ್ದಳು.

ಅಜ್ಜಿ ಕುರ್ಚಿಯಲ್ಲೇ ಒಂದು ಕಾಲು ಮುಂದೆ ಚಾಚಿದಳು. “ಈ ಚಪ್ಪಲಿ ನೋಡಿ. ನಾನು ಬಿದ್ದುಬಿಟ್ಟೇನು ಅಂತ ಹೋದ ವರ್ಷ ಇವನೇ ಹುಡುಕಿ ತಂದಿದ್ದು, ಜಾರದೇ ಇರೋ ಅಂಥದ್ದು. ಹೆಂಗಿದೆ?”

ಅಧಿಕಾರಿ ಮೇಜಿನ ಮೇಲಿಂದ ಬಗ್ಗಿ ನೋಡಿದರು. “ಹೊಸದು ಇದ್ದಂಗಿದೆ.”

“ಅದೇ ನಾನು ಹೇಳೋದು.”

ನಾನೂ ನೋಡಿದೆ. ಅಟ್ಟೆಯ ಗೆರೆಗಳು ಹಾಗೇ ಇದ್ದವು, ಒಂದು ಕಲ್ಲಿನ ಚೂರೂ ಸಿಕ್ಕಿರಲಿಲ್ಲ. ಬೆಲೆಯ ಚೀಟಿ ಅಂಟಿಸಿದ್ದ ಜಾಗದಲ್ಲಿ ಗೋಂದು ಇನ್ನೂ ಹೊಳೆಯುತ್ತಿತ್ತು.

“ಶೆಡ್ಡು ಹೋಗುತ್ತೆ!” ಎಂದೆ. “ತಾತ ಹಾಕಿದ್ದು!”

“ತಾತ ಹಾಕಿದ್ದು ತಗಡು ಕಣೋ, ಮರದ ಬೇರಲ್ಲ. ಬಿಚ್ಚಿ ಅಲ್ಲಿ ಹಾಕ್ಕೋ.”

“ನಿನ್ನನ್ನ ಯಾರು ನೋಡ್ಕೋತಾರೆ?”

“ಆ ಕಟ್ಟಡದಲ್ಲಿ ಕೆಳಗಡೆ ಮನೆ ಸಿಕ್ರೆ ಅರ್ಧ ನಾನೇ ನೋಡ್ಕೋತೀನಿ. ಉಳಿದರ್ಧಕ್ಕೆ ನೀನು ಸಾಯಂಕಾಲ ಬಾ. ಮೈ ತೊಳ್ಕೊಂಡು ಬಾ, ಅಲ್ಲಿ ಬೇರೆ ಜನಾನೂ ಇರ್ತಾರೆ.”

ಮತ್ತೆ ನಗು. ಬಿಲ್ಡರ್ ತನ್ನ ಬೋರ್ಡಿನ ಮುದುಕನಷ್ಟೇ ಅಗಲವಾಗಿ ಹಲ್ಲು ಕಿರಿದ. ಎದ್ದು ಹೋಗಿ ಅವನ ಕತ್ತಿನ ಪಟ್ಟಿ ಹಿಡಿಯೋಣ ಅನ್ನಿಸಿತು. ಕೈಯಲ್ಲಿ ಮೈಕಿತ್ತು, ಹಿಡಿಯಲಿಲ್ಲ.

ಅಧಿಕಾರಿ ಕನ್ನಡಕ ತೆಗೆದರು. “ಏನಪ್ಪಾ, ನಿನ್ನದೊಂದೇ ಉಳಿದಿರೋದು. ಇಟ್ಕೋತೀಯೋ, ಬಿಡ್ತೀಯೋ? ಇಟ್ಕೊಂಡ್ರೆ ಈ ಫೈಲು ಮೇಲಕ್ಕೆ ಹೋಗುತ್ತೆ, ವರ್ಷಗಟ್ಟಲೆ ಅಲ್ಲೇ ಕೊಳೀಬಹುದು. ಬಾಯಿಬಿಟ್ಟು ಹೇಳು.”

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದು ಕಾದ. ಅಜ್ಜಿ ನನ್ನನ್ನು ನೋಡಲಿಲ್ಲ. ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡು, ಸೆರಗಿನಿಂದ ಚಪ್ಪಲಿಯ ಮೇಲಿನ ಧೂಳು ಒರೆಸಿದಳು. ಧೂಳೇ ಇರಲಿಲ್ಲ.

ನಾನು ಮೈಕನ್ನು ಮೇಜಿನ ಮೇಲೆ ಕುಕ್ಕಿದೆ, ಅದು ಕೀಂಯ್ ಎಂದು ಅರಚಿತು. ಅಜ್ಜಿಯ ಕುರ್ಚಿಯ ಮುಂದೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತೆ. ಆಮೇಲೆ ಅವಳ ಎರಡು ಕೈಗಳು ನನ್ನ ಕುತ್ತಿಗೆಯನ್ನು ಬಳಸಿದವು. ಎದ್ದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದೆ.

“ಇದೇನಪ್ಪಾ ಇದು, ಉತ್ತರ?” ಅಧಿಕಾರಿಯ ದನಿ ಹಿಂದಿನಿಂದ ಬಂತು.

ಬಾಗಿಲಲ್ಲಿ ಬೇಕರಿಯವನು ಫೋನನ್ನು ಜೇಬಿಗಿಳಿಸುತ್ತ ಎದುರಾದ. “ಏನಾಯ್ತು? ನನ್ನ ಕರೆದ್ರಾ?” ಎಂದ. ಅವನನ್ನು ಭುಜದಿಂದ ತಳ್ಳಿಕೊಂಡೇ ದಾಟಿದೆ.

“ಉತ್ತರ ಕೊಡದೇ ಹೋದ್ರೆ ಬಿದ್ದುಹೋಗುತ್ತೆ, ಗೊತ್ತಲ್ಲ?” ಇದು ಗುಮಾಸ್ತನ ದನಿ.

ಅಜ್ಜಿ ನನ್ನ ಕಿವಿ ಜಗ್ಗಿದಳು. “ಕರೀತಿದಾರೆ ಕಣೋ. ಕೇಳಿಸ್ಲಿಲ್ವಾ?”

ಗ್ರೈಂಡರ್ ಸದ್ದಿನಲ್ಲೂ ಮುಚ್ಚಳ ಕೇಳುವ ಕಿವಿ ನನ್ನದು. ಅವಳ ಕಾಲಿನಿಂದ ಚಪ್ಪಲಿ ಜಾರದಂತೆ ಎರಡೂ ಪಾದಗಳನ್ನು ಭದ್ರವಾಗಿ ಹಿಡಿದುಕೊಂಡು, ಮೆಟ್ಟಿಲು ಇಳಿಯುತ್ತ ಹೋದೆ.