ಔಷಧಿ ಇಳಿಯುವ ಮೊದಲು

ಸೋಲಾಪುರದ ಮಂಗಳವಾರ ಪೇಟೆಯಲ್ಲಿ ಸಾತಲಿಂಗಪ್ಪನವರದು ದನಕರುಗಳ ಔಷಧಿ ಅಂಗಡಿ. ೧೯೭೫ರ ಸುಮಾರಿಗೆ ಅವರ ಕಣ್ಣಿಗೆ ಪೊರೆ ಬಂತು. ಅಂದಿನಿಂದ ಮಧ್ಯಾಹ್ನದ ಹೊತ್ತು ಹೆಂಡತಿ ಉಮಾಬಾಯಿ ಗಲ್ಲಾದ ಮೇಲೆ ಕೂಡತೊಡಗಿದರು. ಪೇಟೆಯವರು ಮೊದಮೊದಲು ತಿರುಗಿ ನೋಡಿದರು, ಆಮೇಲೆ ರೂಢಿಯಾಯಿತು.

ಅಂಗಡಿಯ ಹಮಾಲ ಬಂಡೆಪ್ಪ ಒಂದು ಸೋಮವಾರ ರಜೆ ಕೇಳಿ ಅಕ್ಕಲಕೋಟೆಗೆ ಅಕ್ಕನ ಮನೆಗೆ ಹೋಗಿದ್ದ. ಊಟ ಮುಗಿಸಿ ಎಸ್‌ಟಿ ಬಸ್ಸು ಹಿಡಿದು, ಮಾಲು ಬಂದಿರಬಹುದೆಂದು ನೇರ ಅಂಗಡಿಗೇ ಬಂದ. ಪೆಟ್ಟಿಗೆ ಇಳಿಸುತ್ತಿದ್ದವನು ಕೈ ಕೆರೆದುಕೊಂಡ, ಕುತ್ತಿಗೆ ಕೆರೆದುಕೊಂಡ. ಮೈತುಂಬ ಗಂಧೆ ಎದ್ದಿತ್ತು. ನೋಡನೋಡುತ್ತ ತುಟಿ ದಪ್ಪಗಾದವು, ಕಣ್ಣು ಮುಚ್ಚುವಷ್ಟು ಮುಖ ಊದಿತು. "ವೈನಿ, ಉಸಿರು ಹಿಡದಂಗ ಆಗೇತ್ರಿ" ಎಂದು ಗಲ್ಲಾದ ಮೇಲಿದ್ದ ಉಮಾಬಾಯಿಗೆ ಹೇಳಿದವನೇ ಗೋಡೆಗೆ ಒರಗಿ ಕುಳಿತ.

ಉಮಾಬಾಯಿ ಟಾಂಗಾ ಕರೆಸಿ, ತಾವೇ ಜೊತೆಗೆ ಕುಳಿತು ಗಲ್ಲಿಯ ತುದಿಯ ಡಾಕ್ಟರರ ಹತ್ತಿರ ಒಯ್ದರು. ಡಾಕ್ಟರರಿಗೆ ಬಂಡೆಪ್ಪ ಹೊಸಬನಲ್ಲ. ಹಿಂದೊಮ್ಮೆ ಕಾಲಿನ ಗಾಯಕ್ಕೆ ಪೆನಿಸಿಲಿನ್ ಸೂಜಿ ಹಾಕಿದಾಗಲೂ ಅವನು ಹೀಗೇ ಊದಿ, ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ. ಅವರು ಗಡಬಡಿಸಿ ಸೂಜಿಮದ್ದು ಕೊಟ್ಟು, ಉಸಿರು ಹತೋಟಿಗೆ ಬಂದ ಮೇಲೆ ಕೇಳಿದರು.

"ಅಕ್ಕಲಕೋಟ್ಯಾಗ ಯಾರರೆ ಸೂಜಿ ಹಾಕ್ಯಾರೇನು?"

"ಇಲ್ರಿ."

"ಗುಳಿಗಿ?"

"ಏನೂ ಇಲ್ರಿ. ಅಕ್ಕನ ಮನ್ಯಾಗ ಊಟ ಅಷ್ಟ ಮಾಡೀನಿ."

"ಏನು ಊಟ?"

ಬಂಡೆಪ್ಪ ಉಮಾಬಾಯಿಯ ಕಡೆ ನೋಡಿ ತಲೆ ತಗ್ಗಿಸಿದ. "ರೊಟ್ಟಿ ಪಲ್ಯಾ" ಎಂದ.

ಉಮಾಬಾಯಿಗೆ ಅರ್ಥವಾಯಿತು. ಅವರ ಮನೆಯಲ್ಲಿ ಮಾಂಸದ ಹೆಸರನ್ನೂ ಎತ್ತುವವರಿಲ್ಲ. ಅಷ್ಟು ವರ್ಷ ಅನ್ನ ಹಾಕಿದ ಮನೆಯ ಹೆಣ್ಣುಮಗಳ ಮುಂದೆ ಆ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ.

"ನನ್ನ ಮುಂದ ನಾಚ್ಕೋಬ್ಯಾಡೊ" ಎಂದರು. "ಜೀವದ ಮಾತದ. ಕುರಿ ಕಡದಿದ್ರೇನು?"

"ಹೌದ್ರಿ ವೈನಿ. ನಾ ಬಂದೀನಂತ ಮಾವ ಒಂದು ಮರಿ ಕಡದ. ಕೆಮ್ಮ ಹತ್ತಿತ್ತದಕ್ಕ. ಹೆಂಗೂ ಉಳಿಯಂಗಿಲ್ಲ ಅಂದ."

ಉಮಾಬಾಯಿಗೆ ನಾಗಣ್ಣ ನೆನಪಾದ. ಬಂಡೆಪ್ಪನ ಅಕ್ಕನ ಗಂಡ ನಾಗಣ್ಣ ದುಧನಿ ಸಂತೆಯಲ್ಲಿ ಕುರಿ ಹಿಡಿದು ಅಕ್ಕಲಕೋಟೆಯ ಕಟುಕರಿಗೆ ಮಾರುವವನು. ಹಿಂದಿನ ವಾರವೇ ಅಂಗಡಿಗೆ ಬಂದು, ಕುರಿಗಳಿಗೆ ಕೆಮ್ಮು ಎಂದು ಪೆನಿಸಿಲಿನ್ ಬಾಟಲಿ ಒಯ್ದಿದ್ದ. ಕೊಟ್ಟವರು ಉಮಾಬಾಯಿಯೇ. ಅದನ್ನು ಹೇಳಿದಾಗ ಡಾಕ್ಟರರು, "ಹಂಗಾದ್ರ ಅದ ಇರಬೇಕು" ಎಂದರು. "ಸೂಜಿ ಚುಚ್ಚಿದ ಕಡೆ ಮಾಂಸದಾಗ ಔಷಧಿ ಇನ್ನೂ ಉಳಿದಿರತದ. ಕುದಿಸಿದ್ರೂ ಪೂರ್ತಿ ಹೋಗಂಗಿಲ್ಲ. ಉಳದವ್ರಿಗೆ ಗೊತ್ತಾಗ್ಲಿಲ್ಲ, ಇವನ ಮೈ ತಡಕೊಳ್ಳಲಿಲ್ಲ."

ರಾತ್ರಿ ಊಟಕ್ಕೆ ಕುಳಿತಾಗ ಸಾತಲಿಂಗಪ್ಪನವರು ಬಂಡೆಪ್ಪನ ಆರೋಗ್ಯ ಕೇಳಿದರು, ಆಮೇಲೆ ಅಂದರು, "ಕುರಿ ವಿಚಾರ ನಮಗ್ಯಾಕ? ನಾವು ಮುಟ್ಟೂ ಪದಾರ್ಥ ಅಲ್ಲ ಅದು."

"ಮುಟ್ಟಂಗಿಲ್ಲ ಖರೆ. ಔಷಧಿ ನಮ್ಮ ಕೈಯಿಂದ ಹೋಗೇತ್ರಿ" ಎಂದರು ಉಮಾಬಾಯಿ. "ಸೂಜಿ ಹಾಕಿದ ಕುರಿ ಎಷ್ಟು ದಿನ ಕಡೀಬಾರದು ಅಂತ ನಾವು ಎಂದಾದ್ರೂ ಹೇಳೀವೇನು?"

ಮರುದಿನ ಬೆಳಿಗ್ಗೆ ಉಮಾಬಾಯಿ ಅಕ್ಕಲಕೋಟೆಯ ಬಸ್ಸು ಹತ್ತಿದರು. ನಾಗಣ್ಣನ ಹಿತ್ತಲಲ್ಲಿ ಇನ್ನೂ ಹತ್ತಾರು ಕುರಿಗಳಿದ್ದವು, ಕೊಳ್ಳಲು ಬಂದ ಕಟುಕ ಅವುಗಳ ಬೆನ್ನು ಮುಟ್ಟಿ ನೋಡುತ್ತಿದ್ದ. ಬಾಗಿಲಲ್ಲಿ ಸೋಲಾಪುರದ ಸಾವಕಾರರ ಹೆಂಡತಿಯನ್ನು ಕಂಡು ಬಂಡೆಪ್ಪನ ಅಕ್ಕ ಕಸ್ತೂರಬಾಯಿ ಗಾಬರಿಯಾದಳು. ಉಮಾಬಾಯಿ ನಡೆದದ್ದನ್ನು ಹೇಳಿದರು. ಕಸ್ತೂರಬಾಯಿ ನೆಲಕ್ಕೆ ಕುಸಿದಳು.

"ನನ್ನ ಕೈಯ್ಯಾರೆ ಬಡಿಸೀನ್ರಿ" ಎಂದಳು. "ಬ್ಯಾಡ ಅಂದ್ರೂ ಮತ್ತೊಂದು ತುಂಡು ಹಾಕೀನಿ."

"ನಾ ಬೇಕಂತ ಮಾಡಿಲ್ರಿ" ಎಂದ ನಾಗಣ್ಣ. "ಕುರಿಗೆ ಕೊಟ್ಟದ್ದು ಕುರಿಗೆ ಮುಗೀತು ಅನ್ಕೊಂಡಿದ್ದೆ. ಯಾರೂ ಹೇಳಿದವ್ರಿಲ್ಲ."

"ಹೇಳಬೇಕಾದವ್ರು ನಾವು. ಹೇಳಲಿಲ್ಲ" ಎಂದರು ಉಮಾಬಾಯಿ. "ಆದ್ರ ಈ ಕುರಿಗೋಳಿಗೂ ಅದ ಸೂಜಿ ಹಾಕೀರಿ. ಇವತ್ತ ಕೊಟ್ರ ಯಾರ ಮನ್ಯಾಗ ಯಾರು ತಿಂತಾರೋ."

ಕಟುಕ ಅವಸರ ಮಾಡಿದ. ಇಷ್ಟು ದಿನ ಯಾರೂ ಸತ್ತಿಲ್ಲ ಎಂದ. ನಾಗಣ್ಣ ಹೆಂಡತಿಯ ಕಡೆ ನೋಡಿದ. ಅವಳು ಕುಳಿತಲ್ಲಿಂದಲೇ ತಲೆ ಅಲ್ಲಾಡಿಸಿದಳು. "ಈ ವಾರ ಇಲ್ಲಪ್ಪ" ಎಂದು ನಾಗಣ್ಣ ಹಿತ್ತಲ ಬಾಗಿಲು ಹಾಕಿದ. ಕಟುಕ ಬೈಯುತ್ತ ಬೇರೆಯವರ ಹತ್ತಿರ ಹೋದ. ಮುಂದೆ ಬಹಳ ದಿನ ಅವನು ಈ ಕಡೆ ಸುಳಿಯಲಿಲ್ಲ.

ನಾಗಣ್ಣ ಕುರಿಗಳನ್ನು ಬೋರಾಮಣಿಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ ಮೇಯಿಸಿದ. ಔಷಧಿ ಮೈಯಿಂದ ಪೂರ್ತಿ ಇಳಿಯಿತೆಂದು ದನದ ಡಾಕ್ಟರರು ಹೇಳುವವರೆಗೆ ಒಂದನ್ನೂ ಮಾರಲಿಲ್ಲ. ಅಷ್ಟರಲ್ಲಿ ಎರಡು ಕುರಿ ಸತ್ತವು. ಅವನ್ನು ಅಲ್ಲೇ ಗುಂಡಿ ತೋಡಿ ಹೂಳಿದ.

ಸೂಜಿ ಹಾಕಿದ ಕುರಿಯನ್ನು ಔಷಧಿ ಇಳಿಯುವವರೆಗೆ ಕಡಿಯಬಾರದೆಂದು ಅಂಗಡಿಯಲ್ಲಿ ಉಮಾಬಾಯಿ ಪ್ರತಿಯೊಬ್ಬ ಗಿರಾಕಿಗೂ ಹೇಳತೊಡಗಿದರು. ಕೆಲವರು ಕಿರಿಕಿರಿಯಾಗಿ ಬೇರೆ ಅಂಗಡಿ ಹಿಡಿದರು. ಆದರೂ ಸಾತಲಿಂಗಪ್ಪನವರು ಹೆಂಡತಿಯನ್ನು ತಡೆಯಲಿಲ್ಲ.

ಬಂಡೆಪ್ಪ ಚೇತರಿಸಿಕೊಂಡ. ಆದರೆ ಅಕ್ಕನ ಮನೆಗೆ ಹೋಗಲಿಲ್ಲ. ಸಿಟ್ಟೇನೂ ಇರಲಿಲ್ಲ, ಒಳಗೊಳಗೇ ಅಂಜಿಕೆ. ನಾಗರ ಪಂಚಮಿಗೆ ಕಸ್ತೂರಬಾಯಿಯೇ ಸೋಲಾಪುರಕ್ಕೆ ಬಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ತಮ್ಮನ ಕೋಣೆಯಲ್ಲಿ ಬುತ್ತಿ ಬಿಚ್ಚಿ ಬಡಿಸಿ, ತಾನು ಊಟಕ್ಕೆ ಕೂಡದೆ ಅವನ ತುಟಿಗಳನ್ನೇ ನೋಡುತ್ತ ಕುಳಿತಳು.

ಬಂಡೆಪ್ಪನಿಗೆ ಅದು ಗೊತ್ತಾಯಿತು. ಎಂದೂ ಊಟದ ಹೊತ್ತಿಗೆ ಮಾತಾಡದವನು ಅಂದು ರೊಟ್ಟಿ ಮುರಿಯುತ್ತ ಪೇಟೆಯ ಸುದ್ದಿ, ಮಿಲ್ಲಿನ ಸುದ್ದಿ, ಟಾಂಗಾದವನ ಮದುವೆಯ ಸುದ್ದಿ ಎಲ್ಲ ಹೇಳುತ್ತಲೇ ಹೋದ. ಅವನ ದನಿ ನೆಟ್ಟಗಿದ್ದದ್ದನ್ನು ಕೇಳುತ್ತ ಕೇಳುತ್ತ ಅವಳೂ ಒಂದು ತುತ್ತು ಬಾಯಿಗಿಟ್ಟಳು.