ಎಡಗಡೆಯ ಸ್ಪೀಕರ್

ಸಿರುಗುಪ್ಪದ ಜಂಬಮ್ಮನ ಮನೆಯಲ್ಲಿ ಹದಿನೈದು ದಿನದಿಂದ ಒಂದೇ ಜಗಳ: ಸ್ಪೀಕರ್ ಎರಡು ಸಾಕೋ, ಐದು ಬೇಕೋ. ಬರುವ ಸೋಮವಾರ ಗಂಡ ಗವಿಸಿದ್ದಪ್ಪನಿಗೆ ಅರವತ್ತು ತುಂಬುವುದಿತ್ತು. ಜೋಳದ ರೊಟ್ಟಿ ತಟ್ಟಿ ಬಳ್ಳಾರಿಯ ಖಾನಾವಳಿಗಳಿಗೆ ಕಳಿಸುವ ಜಂಬಮ್ಮ, ಆ ದಿನಕ್ಕೆ ಮನೆಗೊಂದು ಒಳ್ಳೆಯ ಮ್ಯೂಸಿಕ್ ಸಿಸ್ಟಮ್ ತರಲೇಬೇಕೆಂದು ಹಟ ಹಿಡಿದಿದ್ದಳು. ರೊಟ್ಟಿ ತಟ್ಟಿದ ಕೈ ಅವಳದು, ಕಾರುಬಾರು ಮಾತ್ರ ಗಂಡನದು.

"ತರೋದಾದ್ರ ಸರೌಂಡ್ ತರಬೇಕು. ಮುಂದ ಮೂರು, ಹಿಂದ ಎರಡು, ಕೆಳಗ ದಮ್ ದಮ್ ಅನ್ನೋದೊಂದು ಡಬ್ಬಿ. ಸಿನಿಮಾ ಹಾಕಿದ್ರ ಆನಿ ಬೆನ್ನ ಹಿಂದಿಂದ ಬಂದಂಗ ಆಕ್ಕೈತಿ," ಎನ್ನುವನು ಗವಿಸಿದ್ದಪ್ಪ.

"ನನಗ್ಯಾಕ್ರಿ ಆನಿ? ನನಗ ನಿಮ್ಮ ಪದ ಕೇಳಬೇಕು. ಅದಕ್ಕ ಎರಡ ಸಾಕು."

ಪದದ ಮಾತು ಬಂತೆಂದರೆ ಅವನು ಟವೆಲ್ ಕೊಡವಿ ಹೊರಗೆ ಹೋಗುತ್ತಿದ್ದ.

ಆ ಪದಕ್ಕೆ, ಆ ಹಾಡಿಗೆ, ಮೂವತ್ತೊಂದು ವರ್ಷ. ಕುರುಗೋಡಿನ ಬಯಲಾಟದಲ್ಲಿ ಗವಿಸಿದ್ದಪ್ಪ ರಾಜನ ಪಾರ್ಟು ಮಾಡಿದ್ದ. ಬಳ್ಳಾರಿಯಿಂದ ಯಾರೋ ಬಂದು ಆಟವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಅದೇ ಕ್ಯಾಸೆಟ್ಟನ್ನು ಗೆಳೆಯ ಕಾಡಸಿದ್ದಪ್ಪ ಜೇಬಿನಲ್ಲಿಟ್ಟುಕೊಂಡು ಕರೂರಿಗೆ, ಜಂಬಮ್ಮನ ತವರಿಗೆ, ಸಂಬಂಧ ಕೇಳಲು ಬಂದ. ಜಂಬಮ್ಮ ಆಗಲೇ ಎರಡು ಗಂಡು ಬೇಡವೆಂದಿದ್ದಳು. ಈ ಕಾಡಸಿದ್ದಪ್ಪ ಫೋಟೋ ತೋರಿಸುವ ಗೋಜಿಗೆ ಹೋಗಲಿಲ್ಲ. ಅವಳಪ್ಪನ ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ತುರುಕಿ, ಗುಂಡಿ ಒತ್ತಿ, "ಕೇಳ್ರಿ, ಹುಡುಗನ ದನಿ," ಎಂದ.

'ನಂಬಿ ಬಾರೆ ನಾರಿ, ಎನ್ನ ನುಡಿಯ ನಂಬಿ ಬಾರೆ...'

ಬಾಗಿಲ ಹಿಂದೆ ಹಿಟ್ಟಿನ ಕೈಯಲ್ಲಿ ನಿಂತಿದ್ದ ಜಂಬಮ್ಮ, ಪದ ಮುಗಿಯುವ ಮೊದಲೇ ಅವ್ವನ ಸೆರಗು ಜಗ್ಗಿ ಹೂಂ ಅಂದುಬಿಟ್ಟಳು. ಮುಖ ನೋಡಿದ್ದು ಆಮೇಲೆ. ಮುಖ ಹೇಗಿದ್ದರೂ ನಡೆಯುತ್ತಿತ್ತು.

ಮದುವೆಯಾದ ಮೇಲೆ ಗವಿಸಿದ್ದಪ್ಪ ಒಂದು ಸಲವೂ ಹಾಡಲಿಲ್ಲ. "ರೈಸ್ ಮಿಲ್ಲಿನ ಧೂಳಿಗೆ ಗಂಟಲು ಹೋತು ಜಂಬಿ," ಎಂದ. ಅಂಥ ದನಿ ಹಾಳಾಯಿತಲ್ಲ ಎಂದು ಅವಳು ದೇವರ ಮುಂದೆ ಅತ್ತದ್ದುಂಟು. ಅಂದಿನಿಂದ ದಿನಾ ಸಂಜೆ ಮೆಣಸು ಕುಟ್ಟಿ ಹಾಕಿದ ಬಿಸಿ ಹಾಲು. ಬಾಣಂತನದಲ್ಲಿ ತವರಿಗೆ ಹೋದಾಗಲೂ ಮೆಣಸಿನ ಪುಡಿ ಡಬ್ಬಿಯಲ್ಲಿ ತುಂಬಿಟ್ಟೇ ಹೋಗುತ್ತಿದ್ದಳು. ಎಂದಾದರೊಮ್ಮೆ ಆ ದನಿ ತಿರುಗಿ ಬಂದೀತೆಂಬ ಆಸೆ ಅವಳಿಗೆ.

ಕಾಡಸಿದ್ದಪ್ಪ ಈಗ ಸಿರುಗುಪ್ಪದಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದ. ಜಂಬಮ್ಮನ ಜೋಳ ಬೀಸುವವನು ಅವನೇ. ಅವಳಿಗೆ ಅವನು ಕಾಡಣ್ಣ. ಬಯಲಾಟದಲ್ಲಿ ಅವನು ಹಿಮ್ಮೇಳದವನು. ಅಂದರೆ ವೇಷದವನ ಬೆನ್ನ ಹಿಂದೆ ನಿಂತು, ಅವನು ಬಿಟ್ಟ ಪದವನ್ನು ಎತ್ತಿಕೊಂಡು ಹಾಡುವವನು. "ನೀನೂ ಒಂದು ಪದ ಅನ್ನಣ್ಣ," ಎಂದು ಜಂಬಮ್ಮ ಕೇಳಿದರೆ, "ನಮ್ಮದೇನೈತಿ ತಂಗಿ, ಹಿಂದ ನಿಂತವ್ರು," ಎಂದು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಎಂಥ ಸಂಕೋಚದ ಮನುಷ್ಯ ಎಂದುಕೊಳ್ಳುತ್ತಿದ್ದಳು.

ಗುರುವಾರ ರೊಟ್ಟಿಯ ಗಂಟಿನ ಜೊತೆ ಕ್ಯಾಸೆಟ್ಟನ್ನೂ ಕಟ್ಟಿಕೊಂಡು, ಗಂಡನಿಗೆ ಹೇಳದೆ ಬಳ್ಳಾರಿ ಬಸ್ಸು ಹತ್ತಿದಳು. ಕೌಲ್ ಬಜಾರಿನಲ್ಲಿ ಮುಬಶೀರನ ಅಂಗಡಿ. ಅವನು ಕ್ಯಾಸೆಟ್ಟನ್ನು ಪೆನ್ ಡ್ರೈವಿಗೆ ಇಳಿಸಿ, ಮೊದಲು ಸರೌಂಡಿನಲ್ಲಿ ಹಾಕಿದ. ಪದ ನಾಲ್ಕೂ ಗೋಡೆಯಿಂದ ಬಂತು. ಎಲ್ಲಿಂದ ಎಂದು ಬೆರಳು ಮಾಡಿ ತೋರಿಸಲಾಗದು, ಆದರೆ ಮೈಯೆಲ್ಲ ಕಿವಿಯಾದ ಹಾಗಿತ್ತು. ಜಂಬಮ್ಮನ ಕಣ್ಣು ತುಂಬಿತು. "ನಮ್ಮ ಮನಿಯವ್ರು ಹೇಳಿದ್ದ ಖರೆ," ಎಂದಳು.

"ಸಿನಿಮಾಕ್ಕಾದ್ರ ಇದ ಸೈ, ಅಮ್ಮಾ. ಪದ ಕೇಳಾಕ ಎರಡ ಬೇಕು," ಎಂದ ಮುಬಶೀರ್. "ನಿಮ್ಮ ಕ್ಯಾಸೆಟ್ಟು ಎರಡು ಮೈಕಿನದು. ಒಂದು ಆಟಗಾರರ ಮುಂದ ಇಟ್ಟಾರ, ಒಂದು ಹಿಮ್ಮೇಳದ ಬಾಜೂಕ. ಮುಂದಿಂದು ಎಡಕ್ಕ ಬರತೈತಿ, ಹಿಂದಿಂದು ಬಲಕ್ಕ. ಒಂದ ಸ್ಪೀಕರಿನಾಗ ಎಲ್ಲಾ ಕಲಸಿ ಬಂದಿರತೈತಿ. ಕೂಡ್ರಿ, ತೋರಸ್ತೀನಿ."

ಎರಡು ಸ್ಪೀಕರಿನ ನಡುವೆ ಕುರ್ಚಿ ಹಾಕಿಸಿ ಕೂರಿಸಿದ. ಗೆಜ್ಜೆ ಎಡಗಡೆ ಗಲ್ ಎಂದಿತು. ಹಾರ್ಮೋನಿಯಂ ಬಲಗಡೆ. ರಾಜ ಎಡಗಡೆ ನಿಂತು ಜೋರಾಗಿ ಮಾತಾಡಿದ. ಅದು ಗವಿಸಿದ್ದಪ್ಪನೇ, ಸಂಶಯವಿಲ್ಲ. ಜಂಬಮ್ಮ ನಕ್ಕಳು. ಆಮೇಲೆ ಪದ ಶುರುವಾಯಿತು. ಬಲಗಡೆಯಿಂದ.

"ತಂತಿ ಅದಲುಬದಲು ಆಗ್ಯಾವೇನು ನೋಡಪ್ಪ," ಎಂದಳು.

"ಎಲ್ಲಾ ಬರೋಬರ್ ಐತ್ರಿ. ಬೇಕಾದ್ರ ಕೇಳ್ರಿ," ಎಂದು ಮುಬಶೀರ್ ಬಲಗಡೆಯದನ್ನು ಪೂರಾ ಬಂದ್ ಮಾಡಿದ. ಪದ ದೂರ ಸರಿಯಿತು. ಹತ್ತಿರದಲ್ಲಿ ಉಳಿದದ್ದು ಗೆಜ್ಜೆ, ಏದುಸಿರು, ಮತ್ತು ದಿನಾ ಮನೆಯಲ್ಲಿ ಕೇಳುವ ಅದೇ ಒಡಕು ಗಂಟಲಿನ ಪಿಸುಮಾತು: "ಎತ್ತರಿಸಿ ಹಾಡಲೇ ಕಾಡ, ನನಗ ಆಗವಲ್ದು. ನಾ ಬರೇ ಬಾಯಿ ಆಡಸ್ತೀನಿ."

"ನೋಡಿದ್ರೇನಮ್ಮಾ, ಎಷ್ಟು ಕ್ಲಿಯರ್!" ಎಂದು ಮುಬಶೀರ್ ಖುಷಿಯಿಂದ ನಕ್ಕ. ಪಾಪ, ಅವನಿಗೇನು ಗೊತ್ತು.

ಜಂಬಮ್ಮ ಇನ್ನೊಮ್ಮೆ ಹಾಕಿಸಿದಳು. ಮತ್ತೊಮ್ಮೆ ಹಾಕಿಸಿದಳು. "ಎರಡು ಸ್ಪೀಕರಿನದ ಕಟ್ಟಿ ಕೊಡಪ್ಪ," ಎಂದಳು.

ಬಸ್ಸು ತೆಕ್ಕಲಕೋಟೆ ದಾಟಿದರೂ ಅವಳಿಗೆ ಅಳು ಬರಲಿಲ್ಲ. ಬಂದದ್ದು ನಾಚಿಕೆ. ಊರೆಲ್ಲ ಕೇಳುವಂತೆ ಗಂಡನ ದನಿಯನ್ನು ಹೊಗಳಿಕೊಂಡು ತಿರುಗಿದ್ದಳು. ಗವಿಸಿದ್ದಪ್ಪ ಕೆಟ್ಟವನಲ್ಲ. ಕುಡಿದವನಲ್ಲ, ಬಡಿದವನಲ್ಲ. ಹಾಗಿದ್ದೂ ಮೂವತ್ತೊಂದು ವರ್ಷ ದಿನಾ ಸಂಜೆ ಹಾಲಿನ ಲೋಟ ಕೈಗೆ ತೆಗೆದುಕೊಂಡು, ಅವಳ ಮುಖ ನೋಡುತ್ತಲೇ ಕುಡಿದಿದ್ದನಲ್ಲ! ಬಡಿದಿದ್ದರೆ ತವರಿಗೆ ಹೋಗಿ ಹೇಳಿಕೊಳ್ಳಬಹುದಿತ್ತು. ಇದನ್ನು ಯಾರ ಮುಂದೆ ಹೇಳುವುದು? ಕಿವಿಗೆ ಹೂವಿಟ್ಟವರು ಇಬ್ಬರು, ಇಡಿಸಿಕೊಂಡವಳು ತಾನೊಬ್ಬಳು.

ಸೋಮವಾರ ಮಧ್ಯಾಹ್ನ ಹೋಳಿಗೆ ಊಟ. ಕಾಡಸಿದ್ದಪ್ಪನೂ ಬಂದಿದ್ದ. ಶೋಕೇಸಿನ ಎರಡು ಬದಿಗೆ ಒಂದೊಂದು ಸ್ಪೀಕರ್ ಕಂಡು ಗವಿಸಿದ್ದಪ್ಪನ ಮುಖ ಇಳಿಯಿತು.

"ಎರಡ ತಂದೇನು?"

"ಎರಡ. ನೀವು ಎಡಗಡೆ ಕೂಡ್ರಿ. ಕಾಡಣ್ಣಾ, ನೀನು ಬಲಗಡೆ. ಆವತ್ತು ನಿಂತಿದ್ದಿರಲ್ಲ, ಹಂಗ."

ನಡುವೆ ತಾನು ಕೂತು ಹಾಕಿದಳು. ಗೆಜ್ಜೆ ಬಂತು, ರಾಜನ ಮಾತು ಬಂತು, ಪದ ಬಂತು. ಮುಬಶೀರ್ ತೋರಿಸಿದಂತೆ ಬಲಗಡೆಯದನ್ನು ಬಂದ್ ಮಾಡಿದಳು. ಪಿಸುಮಾತಿನ ಹೊತ್ತಿಗೆ ಕಾಡಸಿದ್ದಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟು, ಗೆಳೆಯನ ಕಡೆ ತಿರುಗಿ, "ಸರೌಂಡ್ ತರಿಸ್ತೀನಿ, ಗೊತ್ತಾಗಂಗಿಲ್ಲ ಅಂದಿದ್ದಿಯಲ್ಲಲೇ," ಎಂದು ಗೊಣಗಿದ.

ಜಂಬಮ್ಮನ ಎದೆ ಎರಡನೆಯ ಸಲ ಒಡೆಯಿತು. ಹಳೆಯ ಸುಳ್ಳಾದರೂ ಹಳೆಯದಾಗಿತ್ತು. ಇದು ಮೊನ್ನೆ ಮೊನ್ನೆ ಇಬ್ಬರೂ ಗಿರಣಿಯಲ್ಲಿ ಕೂತು ಹೊಸದಾಗಿ ಹೊಸೆದದ್ದು.

"ಆಟದಾಗ ಗಂಟಲು ಕಟ್ಟಿದ್ರ ಹಿಮ್ಮೇಳದವ್ರು ದನಿ ಕೊಡೋದು ಇದ್ದದ್ದ ಜಂಬಿ," ಎಂದ ಗವಿಸಿದ್ದಪ್ಪ, ತಲೆ ಎತ್ತದೆ. "ಅದೇನು ಮೋಸ ಅಲ್ಲ."

"ಆಟದಾಗ ಇದ್ದದ್ದ. ಕರೂರಿಗೂ ಹಿಮ್ಮೇಳ ಕಳಸ್ತಾರೇನ್ರಿ, ಹೆಣ್ಣು ಕೇಳಾಕ?"

ಗವಿಸಿದ್ದಪ್ಪ ಬಾಯಿ ತೆರೆದ, ಮುಚ್ಚಿದ. ಬಾಯಿ ಆಡಿಸುವುದು ಅವನಿಗೆ ಮೊದಲಿಂದಲೂ ರೂಢಿ.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ ತಂಗಿ," ಎಂದ ಕಾಡಸಿದ್ದಪ್ಪ, ಹೊಸ್ತಿಲ ಕಡೆ ನೋಡುತ್ತ. "ನಾನು ಹೇಳಿದ್ದು ಒಂದ."

"ನಾನು ಮದುವಿ ಆಗಿದ್ದು ಆ ಒಂದನ್ನ, ಅಣ್ಣಾ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಾಳೆಯಿಂದ ಜೋಳ ಬೇರೆ ಗಿರಣಿಗೆ ಎಂದು ಜಂಬಮ್ಮ ಅವನ ಬೆನ್ನಿಗೆ ಹೇಳಿದಳು. ತಾನು ಮೆಚ್ಚಿದ ಆ ದನಿಗೆ ಬೇರೆಯೇ ಒಂದು ಮುಖವಿತ್ತೆಂದು, ಅದು ಎದುರಿಗೇ ಕೂತು ಚಹಾ ಕುಡಿಯುತ್ತಿತ್ತೆಂದು ನೆನೆದರೆ ಅವಳಿಗೆ ಅಸಹ್ಯವಾಗುತ್ತಿತ್ತು. ಅವನೂ ಬೇಡ, ಇವನೂ ಬೇಡ. ಬೇಕಿದ್ದದ್ದು ಹಾಡಿದವನೇ ಗಂಡನೆಂಬ ನಂಬಿಕೆ. ಅದನ್ನು ಯಾವ ಅಂಗಡಿಯಿಂದ ತರುವುದು?

ಅವಳು ಪಾತ್ರೆ ತೊಳೆದಳು, ನಾಳೆಯ ಹಿಟ್ಟು ಜರಡಿ ಹಿಡಿದಳು. ಹಾಲಿನವನು ಬಂದು ಹೋದ. ದೀಪ ಹಚ್ಚುವ ಹೊತ್ತಿಗೆ ಗವಿಸಿದ್ದಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಎರಡು ಸಲ ಕೆಮ್ಮಿ, ರೂಢಿಯಂತೆ ಕೇಳಿದ:

"ಹಾಲು ಕಾಯಿಸಿಲ್ಲೇನು, ಗಂಟಲಿಗೆ?"

ಜಂಬಮ್ಮ ಜರಡಿ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

"ಯಾರ ಗಂಟಲಿಗ್ರಿ?"