ಐದನೇ ಸಾಲು

ಅತ್ತಿಗೆಗೆ ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಮೂರು ವರ್ಷದಿಂದ ಹೀಗೇ ನಡೆದಿದೆ.

ಆಗ ನಾವಿಬ್ಬರೂ ಒಂದೇ ದಾಖಲೆ ವಿಭಾಗದಲ್ಲಿ ಗುಮಾಸ್ತೆಯರು. ಮೇಲ್ವಿಚಾರಕಿಯ ಒಂದೇ ಒಂದು ಹುದ್ದೆಗೆ ಪರೀಕ್ಷೆ ಬಂತು: ನೂರು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ.

"ಗೊತ್ತಿಲ್ಲದ್ದನ್ನ ಮುಟ್ಟಲೇಬೇಡ ಕಣೆ. ಇರೋ ಅಂಕನೂ ಹೋಗುತ್ತೆ" ಎಂದಳು ಅತ್ತಿಗೆ.

ಮನೆಯವಳ ಮಾತು ಎಂದು ನಂಬಿ ಮೂವತ್ತೆರಡು ಪ್ರಶ್ನೆ ಖಾಲಿ ಬಿಟ್ಟೆ. ಒಂದೇ ಅಂಕದಲ್ಲಿ ಫೇಲಾದೆ. ಕುರ್ಚಿ ಅವಳಿಗೆ ಸಿಕ್ಕಿತು. ಅಂದು ಊಟಕ್ಕೆ ಕೂತಾಗ ನಗುತ್ತಾ ಅಣ್ಣನಿಗೆ ಹೇಳಿದಳು: "ನಾನು ಒಂದನ್ನೂ ಬಿಡಲಿಲ್ಲಪ್ಪ, ಕಣ್ಣುಮುಚ್ಚಿ ಎಲ್ಲ ತುಂಬಿದೆ."

ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಬಂದು ಲೆಕ್ಕ ಹಾಕಿದೆ. ಮೂವತ್ತೆರಡನ್ನೂ ಕಣ್ಣುಮುಚ್ಚಿ ತುಂಬಿದ್ದರೆ ನಾಲ್ಕಕ್ಕೆ ಒಂದರಂತೆ ಎಂಟು ಸರಿಯಾಗುತ್ತಿದ್ದವು. ಉಳಿದ ಇಪ್ಪತ್ತನಾಲ್ಕು ತಪ್ಪಿಗೆ ಹೋಗುತ್ತಿದ್ದದ್ದು ಆರೇ ಅಂಕ. ಎರಡು ಅಂಕ ಉಳಿಯುತ್ತಿತ್ತು. ನನಗೆ ಬೇಕಿದ್ದದ್ದು ಒಂದು.

ಮೇಲ್ವಿಚಾರಕಿಯಾದ ಮೇಲೆ ಅವಳು ಕಾಗದ ಓದುವುದನ್ನೇ ಬಿಟ್ಟಳು. ಸುತ್ತೋಲೆ ಬಂದರೆ ನನ್ನ ಮೇಜಿಗೆ ಎಸೆದು "ಓದಿ ಹೇಳೆ" ಎನ್ನುವಳು. ನಾನು ತೋರಿಸಿದಲ್ಲಿ ಸಹಿ ಹಾಕುವಳು. ಹೊಟ್ಟೆ ಉರಿಯುತ್ತಿದ್ದರೂ ಮೂರು ವರ್ಷ ಒಂದು ಸಾಲೂ ತಪ್ಪದೆ ಓದಿ ಹೇಳಿದೆ. ನಂಬಿಕೆ ಬೆಳೆಯಲಿ ಎಂದೇ ಹೇಳಿದೆ.

ಈ ವರ್ಷ ಅವಳಿಗೆ ವ್ಯವಸ್ಥಾಪಕಿಯ ಪರೀಕ್ಷೆ, ನನಗೆ ಮತ್ತೆ ಮೇಲ್ವಿಚಾರಕಿಯದು. ಸುತ್ತೋಲೆಯ ಐದನೇ ಸಾಲಿನಲ್ಲಿತ್ತು: ತಪ್ಪು ಉತ್ತರಕ್ಕೆ ಇನ್ನು ಅರ್ಧ ಅಂಕ ಕಡಿತ. ಆ ಸಾಲನ್ನು ನುಂಗಿಕೊಂಡೆ.

"ನಿಯಮ ಎಲ್ಲ ಹಳೇದೇ ತಾನೆ?"

"ಹೂಂ ಅತ್ತಿಗೆ. ಒಂದನ್ನೂ ಖಾಲಿ ಬಿಡಬೇಡಿ."

ಬಿಡಲಿಲ್ಲ. ಪ್ರಶ್ನೆಪತ್ರಿಕೆಯ ಮೇಲೂ ನಿಯಮ ಅಚ್ಚಾಗಿತ್ತು, ಓದುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಗೊತ್ತಿಲ್ಲದ ನಲವತ್ತನ್ನೂ ತುಂಬಿದಳು. ಹತ್ತು ಸರಿ, ಮೂವತ್ತು ತಪ್ಪು. ಹತ್ತು ಅಂಕ ಬಂತು, ಹದಿನೈದು ಹೋಯಿತು. ಮೂರು ಅಂಕದಲ್ಲಿ ಫೇಲು. ಆ ನಲವತ್ತನ್ನು ಮುಟ್ಟದಿದ್ದರೆ ಪಾಸಾಗುತ್ತಿದ್ದಳು! ನಾನು ಪಾಸಾದೆ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ, ನಾಚಿಕೆಯೂ ಆಗಲಿಲ್ಲ.

ವಾರದ ನಂತರ ನನ್ನ ಹೆಸರಿಗೆ ಕಾಗದ ಬಂತು. ಅತ್ತಿಗೆ ಅದನ್ನು ಎಸೆಯಲಿಲ್ಲ, ಕೈಗೇ ಕೊಟ್ಟಳು. ಮೊದಲ ಸಲ ತಾನೇ ಓದಿದ್ದಳು.

"ಜೋರಾಗಿ ಓದೆ. ಈ ಸಲ ಒಂದು ಸಾಲೂ ನುಂಗಬೇಡ."

ಓದಿದೆ. ನಾನು ತೇರ್ಗಡೆಯಾಗಿದ್ದೇನೆ. ಆದರೆ ವಿಭಾಗಕ್ಕೆ ಮೇಲ್ವಿಚಾರಕಿಯ ಹುದ್ದೆ ಒಂದೇ. ಈಗಿರುವವರಿಗೆ ಬಡ್ತಿ ಸಿಗದ ಕಾರಣ ಅದು ಖಾಲಿಯಾಗಿಲ್ಲ.

ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು.